ಇನ್ನೊಂದು ಬೋರ್ ಕೊರೆಸುವ ಮೊದಲು

ಯುಗಾದಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಹಳ್ಳಿಗಳಲ್ಲಿ ರಿಗ್ ಲಾರಿಗಳ ಓಡಾಟ ಹೆಚ್ಚುತ್ತದೆ. ಇರುವ ಬೋರ್‌ನಲ್ಲಿ ನೀರು ಸಣ್ಣಗಾಯಿತು, ತೋಟ ಬಾಡುತ್ತಿದೆ, ಇನ್ನೊಂದು ಪಾಯಿಂಟ್ ನೋಡಿಸೋಣ ಎಂಬ ಮಾತು ಶುರುವಾಗುತ್ತದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರು ಬರುತ್ತಾರೆ. ಕಾಯಿ ಎದ್ದು ನಿಂತ ಕಡೆ ಗುರುತು ಬೀಳುತ್ತದೆ. ಸಾವಿರ ಅಡಿ ದಾಟಿದರೂ ಬರೀ ಧೂಳೇ ಎದ್ದರೆ ರಿಗ್‌ನವರಿಗೇನೂ ನಷ್ಟವಿಲ್ಲ, ಅವರದು ಅಡಿಗಿಷ್ಟು ಎಂಬ ಲೆಕ್ಕ. ಸಾಲ ಹೊತ್ತುಕೊಳ್ಳುವವನು ಹೊಲದ ಯಜಮಾನ.

ಆ ದುಡ್ಡನ್ನು ಕೈಯಿಂದ ಬಿಡುವ ಮೊದಲು ಹೊಲದಲ್ಲಿ ಮಾಡಬೇಕಾದ ಕೆಲವು ಕೆಲಸಗಳಿವೆ. ಅವುಗಳಿಗೆ ಒಂದು ಕ್ರಮವೂ ಇದೆ: ಮೊದಲು ಮಣ್ಣು, ಆಮೇಲೆ ಬದು, ಆಮೇಲೆ ಹೊಂಡ, ಕೊನೆಗೆ ಬೋರ್. ನಮ್ಮಲ್ಲಿ ಬಹಳ ಮಂದಿ ಇದನ್ನು ತಿರುಗಾ ಮುರುಗಾ ಮಾಡುತ್ತಾರೆ. ಇಲ್ಲಿ ಹೇಳುವುದೆಲ್ಲ ಬಯಲುಸೀಮೆಯ ಕೆಂಪು ಮಣ್ಣಿನ ಹೊಲಗಳಿಗೆ. ಮಲೆನಾಡಿನ ಕಡಿದಾದ ಇಳಿಜಾರುಗಳಲ್ಲಿ ಕಂಡಕಂಡಲ್ಲಿ ಇಂಗುಗುಂಡಿ ತೋಡಿದರೆ ಗುಡ್ಡವೇ ಜಾರುವ ಅಪಾಯವಿದೆ. ಅಲ್ಲಿನವರು ಇದನ್ನು ಓದಿ ಗುದ್ದಲಿ ಎತ್ತಿಕೊಳ್ಳಬಾರದು.

ಮೊದಲು ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಹಾಗಾಗಿ ಒಂದು ಮಿಲಿಮೀಟರ್ ಮಳೆಗೆ ಎಕರೆಗೆ ನಾಲ್ಕು ಸಾವಿರ ಲೀಟರ್ ಬಿತ್ತೆಂದು ಇಟ್ಟುಕೊಳ್ಳಿ. 25 ಮಿ.ಮೀ. ಬಂದ ಒಂದು ಹದ ಮಳೆ ಎಕರೆಗೆ ಒಂದು ಲಕ್ಷ ಲೀಟರ್ ಸುರಿಯುತ್ತದೆ, ಅಂದರೆ ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್. ವರ್ಷಕ್ಕೆ 600 ಮಿ.ಮೀ. ಮಳೆಯಾಗುವ ಊರಿನಲ್ಲಿ ಎಕರೆಗೆ 24 ಲಕ್ಷ ಲೀಟರ್.

ಇದೇ ಲೆಕ್ಕವನ್ನು ಬೋರ್‌ಗೂ ಹಾಕಿ. ‘ಎರಡಿಂಚು ನೀರು’ ಅನ್ನುವ ಮಾತು ಜಂಬಕ್ಕೆ ಸರಿ, ಬೇಸಾಯಕ್ಕೆ ಲೀಟರ್ ಬೇಕು. ಇನ್ನೂರು ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗೆ ಹಿಡಿದು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ನೋಡಿ. ಮೋಟರ್ ಹಾಕಿದ ತಕ್ಷಣ ಅಳೆಯಬೇಡಿ, ಒಂದು ಗಂಟೆ ಓಡಿದ ಮೇಲೆ ಅಳೆಯಿರಿ. ನೂರು ಸೆಕೆಂಡ್ ಹಿಡಿದರೆ ಗಂಟೆಗೆ 7,200 ಲೀಟರ್. ಏಳು ಗಂಟೆ ಕರೆಂಟ್ ಇದ್ದರೆ ದಿನಕ್ಕೆ ಸುಮಾರು 50 ಸಾವಿರ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ನಮ್ಮ ಕೆಳಗಿರುವುದು ಕಗ್ಗಲ್ಲು. ಮೇಲಿನ ಸವೆದ ಪದರದಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಸಿಕ್ಕಿದಷ್ಟೇ. ಇಂಥ ನೆಲದಲ್ಲಿ ಬಿದ್ದ ಮಳೆಯ ನೂರರಲ್ಲಿ ಹತ್ತು ಪಾಲು ಅಂತರ್ಜಲಕ್ಕೆ ಇಳಿದರೆ ಅದೇ ಹೆಚ್ಚು. ಎಕರೆಗೆ 24 ಲಕ್ಷ ಲೀಟರ್ ಬಿದ್ದರೆ ಕೆಳಗೆ ಹೋಗುವುದು 2.4 ಲಕ್ಷ. ದಿನಕ್ಕೆ 50 ಸಾವಿರ ಎತ್ತುವ ಬೋರ್ ಅದನ್ನು ಐದು ದಿನದಲ್ಲಿ ಮುಗಿಸುತ್ತದೆ. ಮೂರು ಎಕರೆಯ ರೈತನ ಹೊಲ ವರ್ಷವಿಡೀ ಇಂಗಿಸಿದ್ದು ಹದಿನೈದು ದಿನದ ಪಂಪಿಂಗ್. ಉಳಿದ ದಿನ ಎತ್ತುವುದು ಅಕ್ಕಪಕ್ಕದವರ ಪಾಲು, ಇಲ್ಲವೇ ತಾತ ಮುತ್ತಾತನ ಕಾಲದಿಂದ ಬಂಡೆಯ ಸಂದಿಯಲ್ಲಿ ಕೂತಿದ್ದ ಗಂಟು. ಮೂವತ್ತು ನಲವತ್ತು ಅಡಿಯ ತೆರೆದ ಬಾವಿಗಳಲ್ಲಿ ಕಪಿಲೆ ಹೊಡೆಯುತ್ತಿದ್ದ ಊರುಗಳಲ್ಲಿ ಇವತ್ತು ಸಾವಿರ ಅಡಿಗೂ ಗ್ಯಾರಂಟಿ ಇಲ್ಲದಿರುವುದು ಈ ಗಂಟು ಕರಗಿದ್ದರಿಂದ.

ಇದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಅಡಗಿದೆ. ಕೆಳಗಿಳಿಯುವುದು ಹತ್ತು ಪಾಲಾದರೆ ಉಳಿದ ತೊಂಬತ್ತು ಪಾಲಿನಲ್ಲಿ ಬೆಳೆ ಹೀರಿದ್ದು ಬಿಟ್ಟು ಮಿಕ್ಕದ್ದು ನಮ್ಮ ಕಣ್ಣೆದುರಿಗೇ ಹರಿದು ಹೋಗುತ್ತಿದೆ, ಇಲ್ಲವೇ ಮಣ್ಣಿನಿಂದ ಆರಿ ಹೋಗುತ್ತಿದೆ. ಕೈ ಹಾಕಬೇಕಾದ್ದು ಅಲ್ಲಿ.

ಊರಿನ ಮಳೆ ಎಷ್ಟೆಂದು ತಿಳಿಯಲು ಹೋಬಳಿ, ಪಂಚಾಯಿತಿ ಮಟ್ಟದ ಅಂಕಿಅಂಶವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೊಡುತ್ತದೆ. ಅವರದೇ ‘ವರುಣಮಿತ್ರ’ ಸಹಾಯವಾಣಿಯೂ ಇದೆ. ಆದರೆ ಪಂಚಾಯಿತಿ ಕಚೇರಿ ಮೇಲೆ ಸುರಿದ ಮಳೆ ನಿಮ್ಮ ಹೊಲದ ಮೇಲೆ ಸುರಿಯಬೇಕೆಂದಿಲ್ಲ. ಬದಿ ನೆಟ್ಟಗಿರುವ ಒಂದು ಡಬ್ಬವನ್ನು ಬಯಲಲ್ಲಿ, ಮರದ ನೆರಳು ಬೀಳದ ಕಡೆ, ಗೂಟಕ್ಕೆ ಕಟ್ಟಿ. ಬೆಳಿಗ್ಗೆ ಎದ್ದು ಶಾಲೆಯ ಮಕ್ಕಳ ಸ್ಕೇಲಿನಲ್ಲಿ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಡಿ. ಬಾಯಿ ಅಗಲ, ತಳ ಸಣ್ಣ ಇರುವ ಪಾತ್ರೆ ಲೆಕ್ಕ ತಪ್ಪಿಸುತ್ತದೆ, ಅದನ್ನು ಇಡಬೇಡಿ.

ಮಣ್ಣೇ ಮೊದಲ ಕೆರೆ

ಕೆಂಪು ಮಣ್ಣಿಗೆ ಒಂದು ಕೆಟ್ಟ ಚಾಳಿ. ದಪ್ಪ ಹನಿಯ ಮಳೆ ಹೊಡೆದರೆ ಮೇಲ್ಮೈ ಹೆಪ್ಪುಗಟ್ಟಿ ಹೆಂಚಿನಂತಾಗುತ್ತದೆ. ಆಮೇಲೆ ಬಿದ್ದದ್ದೆಲ್ಲ ಒಳಗಿಳಿಯದೆ ತಗ್ಗಿಗೆ ಓಡುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಹೊತ್ತೊಯ್ಯುತ್ತದೆ. ಮಳೆ ನಿಂತ ಮಾರನೆಯ ದಿನ ಅರ್ಧ ಅಡಿ ಅಗೆದು ನೋಡಿ. ಜೋರಾಗಿ ಹೊಡೆದ ಮಳೆಯ ಮೇಲೂ ನಾಲ್ಕು ಬೆರಳಿನ ಕೆಳಗೆ ಮಣ್ಣು ಒಣಗಿಯೇ ಇದ್ದರೆ ಕಾಯಿಲೆ ಏನೆಂದು ಬೇರೆ ಯಾರೂ ಹೇಳಬೇಕಿಲ್ಲ.

ಬೆಳೆ ತೆಗೆದ ಹೊಲವನ್ನು ಬೇಸಿಗೆಯಲ್ಲಿ ಗಟ್ಟಿಯಾಗಿ ಬಿಡದೆ, ಮುಂಗಾರಿಗೆ ಮೊದಲಿನ ಮಳೆ ಸಿಕ್ಕ ಕೂಡಲೇ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡುವುದು ಮೊದಲ ಮದ್ದು. ಅಡ್ಡ ಎಂಬುದನ್ನು ಒತ್ತಿ ಹೇಳುತ್ತೇನೆ. ಟ್ರ್ಯಾಕ್ಟರ್ ಬಂದ ಮೇಲೆ ಡ್ರೈವರ್‌ಗೆ ಯಾವ ಕಡೆ ಉದ್ದ ಜಾಸ್ತಿಯೋ ಆ ಕಡೆ ಉಳುವುದೇ ಸುಲಭ. ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುವುದರಿಂದ ಯಜಮಾನನೂ ಸುಮ್ಮನಿರುತ್ತಾನೆ. ಹೊಲ ಇಳಿಜಾರಿನ ಉದ್ದಕ್ಕಿದ್ದರೆ ಒಂದೊಂದು ಸಾಲೂ ಒಂದೊಂದು ಕಾಲುವೆಯಾಗಿ ನೀರನ್ನು ಹೊರಗೆ ಸಾಗಿಸುತ್ತದೆ. ಡ್ರೈವರ್ ಜೊತೆ ಐದು ನಿಮಿಷ ಹೊಲದಲ್ಲಿ ನಡೆದು ದಿಕ್ಕು ತೋರಿಸಿ.

ಎರಡನೆಯದು ಗೊಬ್ಬರ. ಕೊಟ್ಟಿಗೆ ಗೊಬ್ಬರ ಎಲ್ಲರಿಗೂ ಸಾಲುವಷ್ಟು ಈಗಿಲ್ಲ, ದನಗಳೇ ಕಡಿಮೆಯಾಗಿವೆ. ಅದರ ಬದಲಿಗೆ ಮುಂಗಾರಿಗೆ ಮೊದಲಿನ ಮಳೆಗೆ ಅಪ್ಸೆಣಬನ್ನೋ ಡಯಾಂಚವನ್ನೋ ಚೆಲ್ಲಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಬಹುದು. ಜುಲೈ-ಆಗಸ್ಟಿನಲ್ಲಿ ರಾಗಿ ಬಿತ್ತುವವರಿಗೆ ಇದಕ್ಕೆ ಸಮಯ ಸಿಗುತ್ತದೆ. ಬದುಗಳ ಮೇಲೆ ಗ್ಲಿರಿಸಿಡಿಯ, ಹೊಂಗೆ ಇದ್ದರೆ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು. ಜೀವಾಮೃತದ ಬಗ್ಗೆ ಹಲವರು ಕೇಳುತ್ತಾರೆ. ಇನ್ನೂರು ಲೀಟರ್ ನೀರಿಗೆ ಹತ್ತು ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಕಲಸಿ ಎರಡು ದಿನ ನೆರಳಲ್ಲಿಟ್ಟು ಎಕರೆಗೆ ಹಾಕುವುದು ರೂಢಿ. ಮಾಡಿ, ಖರ್ಚೇನಿಲ್ಲ. ಆದರೆ ನೀರು ಹಿಡಿದಿಡುವುದು ಮಣ್ಣಿಗೆ ಸೇರಿದ ಕಸಕಡ್ಡಿ, ಸೊಪ್ಪು, ಬೇರು. ಬರಿನೆಲದ ಮೇಲೆ ಜೀವಾಮೃತ ಎರಚಿ ಮಣ್ಣು ಬದಲಾಗಲಿಲ್ಲ ಎಂದರೆ ಅದು ಮಾಡಿದ ವಿಧಾನದ್ದೇ ದೋಷ.

ಮೂರನೆಯದು ಹೊದಿಕೆ. ತೆಂಗು, ಮಾವು, ಅಡಿಕೆ ತೋಟವಿರುವವರು ಗರಿ, ಎಲೆ, ಸಿಪ್ಪೆಯನ್ನು ಸುಡದೆ ಬುಡದ ಸುತ್ತ ಹರಡಲಿ. ಹೊದಿಕೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ಗೆದ್ದಲು ಮತ್ತು ಕೊಳೆಯ ಕಾಟ.

ಹಳಬರ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ನಡುನಡುವೆ ಒಂದಿಷ್ಟು ಜೋಳ. ಅದನ್ನು ಮನೆಯ ಸಾರಿಗೆ, ದನದ ಮೇವಿಗೆ ಎಂದಷ್ಟೇ ನೋಡುವುದುಂಟು. ನೀರಿನ ಕಣ್ಣಿನಿಂದ ನೋಡಿದರೆ ಅದು ಬೇರೆಯೇ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಕುಡಿಯುತ್ತದೆ, ತೊಗರಿಯದು ಆಳಕ್ಕೆ ಇಳಿದು ರಾಗಿ ಕೊಯ್ದ ಮೇಲೂ ಉಳಿದ ತೇವದಲ್ಲಿ ಕಾಯಿ ಕಟ್ಟುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬುದು ಕೃಷಿ ವಿಶ್ವವಿದ್ಯಾಲಯದವರೂ ಹೇಳುವ ಲೆಕ್ಕ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯಲ್ಲಿ ಸಸಿಗಳನ್ನು ದೂರದೂರ ಗುಳಿಯಲ್ಲಿ ನೆಟ್ಟು, ಗುಳಿಗೆ ಗೊಬ್ಬರ ಕೊಟ್ಟು, ಎರಡೂ ದಿಕ್ಕಿನಲ್ಲಿ ಎಡೆ ಹೊಡೆಯುತ್ತಾರೆ. ಕೂಲಿ ಜಾಸ್ತಿ ಬೇಡುತ್ತದೆ, ಅರ್ಧ ಎಕರೆಯಲ್ಲಿ ಮಾಡಿ ನೋಡುವಂಥದ್ದು.

ಎರೆ ಭೂಮಿಯವರಿಗೆ ಒಂದೇ ಮಾತು: ಹಿಂಗಾರಿ ಜೋಳ, ಕಡಲೆಗೆ ಮುಂಚೆ ಮುಂಗಾರಿನಲ್ಲೇ ಚೌಕುಮಡಿ ಮಾಡಿಟ್ಟುಕೊಂಡರೆ ಬಿದ್ದ ಮಳೆ ಬಿದ್ದಲ್ಲೇ ಕೂರುತ್ತದೆ. ವಿಜಯಪುರ, ಗದಗದ ರೈತರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

ಬದು

ಬದು ಕಟ್ಟುವುದರಲ್ಲಿ ಕಷ್ಟವೇನಿಲ್ಲ, ಮಟ್ಟ ಹಿಡಿಯುವುದರಲ್ಲಿದೆ. ಕಣ್ಣಂದಾಜಿನಲ್ಲಿ ಕಟ್ಟಿದ ಬದುವಿನ ಒಂದು ತುದಿ ತಗ್ಗಾಗಿದ್ದರೆ ಹೊಲದ ನೀರೆಲ್ಲ ಅಲ್ಲಿಗೇ ಬಂದು ಒಡೆದುಕೊಂಡು ಹೋಗುತ್ತದೆ. ಬದುವೇ ಇಲ್ಲದಿದ್ದರೆ ಕೊಚ್ಚುತ್ತಿದ್ದುದಕ್ಕಿಂತ ಹೆಚ್ಚು ಮಣ್ಣು ಹೋಗುತ್ತದೆ. ಗಾರೆ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಟ್ಯೂಬ್ ಲೆವೆಲ್ ಸಾಕು. ಇಬ್ಬರು ಎರಡು ತುದಿ ಹಿಡಿದು ಹೊಲಕ್ಕೆ ಅಡ್ಡಲಾಗಿ ನಡೆಯುತ್ತ, ನೀರಿನ ಮಟ್ಟ ಸಮ ಬಂದಲ್ಲೆಲ್ಲ ಒಂದೊಂದು ಗೂಟ ಹೊಡೆಯಿರಿ. ಗೂಟಗಳನ್ನು ಸೇರಿಸಿದರೆ ಬರುವ ಗೆರೆ ನೆಟ್ಟಗಿರುವುದಿಲ್ಲ, ಹಾವಿನ ಹಾಗೆ ಸುತ್ತುತ್ತದೆ. ಅದೇ ಸರಿಯಾದ ಗೆರೆ. ಮಣ್ಣನ್ನು ಮೇಲ್ಗಡೆಯಿಂದ ತೋಡಿ ಕೆಳಗಡೆಗೆ ಹಾಕಿದರೆ ಕಂದಕವೂ ಆಯಿತು, ಬದುವೂ ಆಯಿತು. ಹೆಚ್ಚಾದ ನೀರು ಹೋಗಲು ಕಲ್ಲು ಜೋಡಿಸಿದ ಒಂದು ಕೋಡಿ ಬಿಡಲೇಬೇಕು.

ಹೊಸ ಬದುವಿನ ಮೇಲೆ ಮೊದಲ ಮಳೆಗೇ ಲಾವಂಚವನ್ನೋ ಮೇವಿನ ಹುಲ್ಲನ್ನೋ ಹಚ್ಚಿ. ನೀಲಗಿರಿ ಬೇಡ. ರಾಜ್ಯ ಸರ್ಕಾರ 2017ರಲ್ಲೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ಬದುವಿನ ನೀಲಗಿರಿಯ ಆಚೀಚೆ ಎಷ್ಟು ದೂರ ರಾಗಿ ತೆನೆ ಸಣ್ಣಗಿರುತ್ತದೆ ಎಂದು ಪಕ್ಕದ ಹೊಲದವರನ್ನು ಕೇಳಿ.

ಕೃಷಿ ಹೊಂಡ: ಹೇಳುವ ಅಳತೆ, ಹಿಡಿಯುವ ನೀರು

2014-15ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಬಯಲುಸೀಮೆಯಲ್ಲಿ ಹೊಂಡ ಮನೆಮಾತಾಯಿತು. ಉದ್ದ, ಅಗಲ, ಆಳ ಗುಣಿಸಿ 15×15×3 ಮೀಟರಿನ ಹೊಂಡ 6.75 ಲಕ್ಷ ಲೀಟರ್ ಹಿಡಿಯುತ್ತದೆ ಎಂದುಕೊಳ್ಳುವವರಿದ್ದಾರೆ. ಹೊಂಡದ ಬದಿಗಳು ಇಳಿಜಾರಾಗಿರುತ್ತವೆ ಎಂಬುದನ್ನು ಮರೆಯುತ್ತಾರೆ. ಮೂರು ಮೀಟರ್ ಆಳಕ್ಕೆ ನಾಲ್ಕೂ ಕಡೆ ಮೂರು ಮೀಟರ್ ಒಳಗೆ ಬಂದರೆ ತಳ ಉಳಿಯುವುದು 9×9. ಆಗ ಹಿಡಿಯುವುದು ಸುಮಾರು 4.4 ಲಕ್ಷ ಲೀಟರ್. ಅದೇ ಇಳಿಜಾರಿನಲ್ಲಿ 10×10ರ ಹೊಂಡ ಒಂದೂವರೆ ಲಕ್ಷ ಚಿಲ್ಲರೆ, 21×21ರದ್ದು 9.8 ಲಕ್ಷ. ಸಣ್ಣ ಹೊಂಡದಲ್ಲಿ ಇಳಿಜಾರಿಗೇ ಜಾಗವೆಲ್ಲ ಹೋಗುತ್ತದೆ, ಹಾಗಾಗಿ ತೀರಾ ಸಣ್ಣದು ಮಾಡಿಸುವುದು ಲಾಭವಲ್ಲ.

4.4 ಲಕ್ಷ ಲೀಟರಿನಿಂದ ಏನು ಮಾಡಬಹುದು? ಒಂದು ಎಕರೆಗೆ 50 ಮಿ.ಮೀ. ನೀರು ಕೊಡಲು ಎರಡು ಲಕ್ಷ ಲೀಟರ್ ಬೇಕು. ಅಂದರೆ ಎಕರೆಗೆ ಎರಡು ಸಲ, ತುಂತುರು ನೀರಾವರಿಯಲ್ಲಿ 25 ಮಿ.ಮೀ.ನಂತೆ ಕೊಟ್ಟರೆ ನಾಲ್ಕು ಸಲ. ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರಿನಲ್ಲೋ ಮೂರು ವಾರ ಮಳೆ ಕೈಕೊಟ್ಟಾಗ, ರಾಗಿ ತೆನೆ ಹೊಡೆಯುವ ಹೊತ್ತಿಗೆ, ಶೇಂಗಾ ಊಡು ಇಳಿಸುವ ಹೊತ್ತಿಗೆ ಈ ನೀರು ಬೆಳೆ ಉಳಿಸುತ್ತದೆ. ಹೊಂಡದ ಕೆಲಸ ಅದು. ಇದೊಂದನ್ನೇ ನಂಬಿ ಬೇಸಿಗೆ ಟೊಮೆಟೊ ಹಾಕಿದರೆ ಕೆಲಸ ಕೆಡುತ್ತದೆ. ಬಿಸಿಲಿನಲ್ಲಿ ದಿನಕ್ಕೆ ಆರು ಮಿಲಿಮೀಟರಿನಷ್ಟು ನೀರು ಆವಿಯಾಗುತ್ತದೆ ಎಂದು ಹಿಡಿದರೆ 15×15ರ ಬಾಯಿಯಿಂದ ದಿನಕ್ಕೆ 1,350 ಲೀಟರ್, ತಿಂಗಳಿಗೆ 40 ಸಾವಿರ ಹೋಗುತ್ತದೆ. ಹಿಡಿದಿಟ್ಟು ಕಾಯುವುದಕ್ಕಿಂತ ಬೇಕಾದಾಗ ಬೇಗ ಬಳಸಿ, ಮುಂದಿನ ಮಳೆಗೆ ಹೊಂಡ ಖಾಲಿ ಇಡುವುದೇ ಜಾಣತನ.

ಜಾಗ ಆರಿಸುವಾಗ ಹೊಲದ ಮೂಲೆ, ರಸ್ತೆ ಪಕ್ಕ ಎಂದೆಲ್ಲ ನೋಡದೆ ಮಳೆ ಸುರಿಯುವಾಗ ಛತ್ರಿ ಹಿಡಿದು ಹೊಲಕ್ಕೆ ಹೋಗಿ. ನೀರು ಎಲ್ಲಿ ಕೂಡುತ್ತದೆ, ಯಾವ ಕಡೆಯಿಂದ ಹೊರಗೆ ಹೋಗುತ್ತದೆ ಎಂದು ಆಗ ಕಾಣುತ್ತದೆ. ನೂರಕ್ಕೆ ಹದಿನೈದು ಪಾಲು ಹರಿದು ಬಂದರೆ, 600 ಮಿ.ಮೀ. ಮಳೆಯಲ್ಲಿ 4.4 ಲಕ್ಷ ಲೀಟರಿಗೆ ಮೇಲ್ಗಡೆ ಒಂದೂಕಾಲು ಎಕರೆ ಸಾಕು. ಜಾಸ್ತಿ ಇದ್ದರೆ ಹೊಂಡ ಒಂದೇ ವರ್ಷದಲ್ಲಿ ಎರಡು ಮೂರು ಸಲ ತುಂಬುತ್ತದೆ. ನೀರು ಹೊಂಡಕ್ಕೆ ಬೀಳುವ ಮೊದಲು ಕೆಸರು ಇಳಿಯಲು ಒಂದು ಸಣ್ಣ ಗುಂಡಿ, ಒಳಬರುವ ಕಡೆ ಕಲ್ಲಿನ ಹಾಸು, ಹೊರಗೆ ಹೋಗುವ ಕಡೆ ಕೋಡಿ. ಈ ಮೂರೂ ಇಲ್ಲದ ಹೊಂಡ ನಾಲ್ಕೈದು ವರ್ಷದಲ್ಲಿ ಹೂಳು ತುಂಬಿ ಕುಂಟೆಯಾಗುತ್ತದೆ.

ಕೆಂಪು ಮಣ್ಣಿನಲ್ಲಿ ನೀರು ನಿಲ್ಲಬೇಕಾದರೆ ಪ್ಲಾಸ್ಟಿಕ್ ಹಾಳೆ ಬೇಕು, 500 ಮೈಕ್ರಾನಿನದ್ದಾದರೆ ಬಾಳಿಕೆ. ಹಾಸುವ ಮುನ್ನ ಬದಿಗಳಲ್ಲಿ ಚೂಪುಗಲ್ಲು, ಬೇರಿನ ತುಂಡು ಕೈಯಿಂದ ಆರಿಸಿ ತೆಗೆಯಬೇಕು. ಹಾಳೆಯ ಅಂಚನ್ನು ದಂಡೆಯ ಮೇಲೆ ಒಂದಡಿ ಚರಂಡಿ ತೋಡಿ ಹೂಳಬೇಕು.

ಇನ್ನೊಂದನ್ನು ಯಾವ ಕಾರಣಕ್ಕೂ ಬಿಡಬಾರದು. ಹಾಳೆ ಹಾಸಿದ ಹೊಂಡಕ್ಕೆ ಜಾರಿ ಬಿದ್ದವರು, ಈಜು ಬಂದರೂ, ಮೇಲೆ ಹತ್ತಲಾರರು; ಪಾಚಿ ಕಟ್ಟಿದ ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲುವುದಿಲ್ಲ. ಕರು, ನಾಯಿ, ಆಟಕ್ಕೆ ಬಂದ ಮಕ್ಕಳು ಸತ್ತ ಸುದ್ದಿ ಪ್ರತಿ ವರ್ಷ ಬರುತ್ತದೆ. ಸುತ್ತ ಬೇಲಿ ಕಡ್ಡಾಯ. ಅದರ ಜೊತೆಗೆ ನಾಲ್ಕೂ ಬದಿಗೆ ಒಂದೊಂದು ದಪ್ಪ ಹಗ್ಗವನ್ನು ಅಡಿಗೊಂದು ಗಂಟು ಹಾಕಿ, ದಂಡೆಯ ಗೂಟಕ್ಕೆ ಬಿಗಿದು, ತಳದವರೆಗೆ ಇಳಿಬಿಡಿ. ಹಗ್ಗಕ್ಕೆ ಹಳೆ ಟಯರ್ ಕಟ್ಟಿದರೆ ಇನ್ನೂ ಒಳ್ಳೆಯದು.

ಹಾಳೆ ಹಾಸಿದ ಹೊಂಡಕ್ಕೆ ಬೋರ್ ನೀರು ತುಂಬಿಸಿಡುವ ಅಭ್ಯಾಸ ಈಚೆಗೆ ಹೆಚ್ಚುತ್ತಿದೆ. ರಾತ್ರಿ ಬರುವ ಕರೆಂಟಿನಲ್ಲಿ ಎತ್ತಿ ಹಗಲು ಬಿಡುವುದಾದರೆ ಒಂದು ದಿನದ ತೊಟ್ಟಿ ಸಾಕು. ಕೆಳಗೆ ಬಂಡೆಯಲ್ಲಿ ಆವಿಯಾಗದೆ ಕೂತಿದ್ದ ನೀರನ್ನು ಮೇಲೆತ್ತಿ ವಾರಗಟ್ಟಲೆ ಬಿಸಿಲಿಗೆ ಒಡ್ಡುವುದು, ಅದೂ ಮಳೆ ನೀರಿಗಾಗಿ ಕೊಟ್ಟ ಸಹಾಯಧನದ ಹೊಂಡದಲ್ಲಿ, ಯಾವ ಲೆಕ್ಕದಲ್ಲೂ ಸರಿಬರುವುದಿಲ್ಲ.

ಬೋರ್‌ಗೆ ನೀರು ತಿರುಗಿಸುವುದು

ಸೋತ ಅಥವಾ ಸೋಲುತ್ತಿರುವ ಬೋರ್‌ನ ಮರುಪೂರಣ ಬಯಲುಸೀಮೆಯಲ್ಲಿ ಚೆನ್ನಾಗಿ ಪಳಗಿದ ಕೆಲಸ. ಬೋರ್‌ನ ಸುತ್ತ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಆಳದ ಗುಂಡಿ ತೆಗೆಯುತ್ತಾರೆ. ಜೆ.ಸಿ.ಬಿ. ಬಕೆಟ್ ಕೇಸಿಂಗ್ ಪೈಪಿಗೆ ತಾಗದಂತೆ ಕೊನೆಯ ಎರಡು ಮೂರು ಅಡಿಯನ್ನು ಆಳುಗಳೇ ಅಗೆಯಬೇಕು. ಪೈಪ್ ಬಿರುಕು ಬಿಟ್ಟರೆ ಬೋರ್ ಹೋಯಿತೆಂದೇ ಲೆಕ್ಕ. ಆಮೇಲೆ ಗುಂಡಿಯ ಕೆಳಭಾಗದಲ್ಲಿ ಬರುವ ಕೇಸಿಂಗ್‌ಗೆ ಡ್ರಿಲ್ಲಿಂಗ್ ಮಷಿನ್ನಿನಿಂದ ಸುತ್ತಲೂ ಸಣ್ಣ ತೂತುಗಳನ್ನು ಕೊರೆದು, ಅದರ ಮೇಲೆ ನೈಲಾನ್ ಜಾಲರಿಯನ್ನು ಎರಡು ಮೂರು ಸುತ್ತು ಬಿಗಿಯಾಗಿ ಕಟ್ಟುತ್ತಾರೆ. ತೂತು ಏಕೆಂದರೆ ಕೇಸಿಂಗ್ ಇರುವುದೇ ಮೇಲ್ಮಣ್ಣು ಒಳಗೆ ಬೀಳದಂತೆ ತಡೆಯಲು. ಅದು ಮಣ್ಣನ್ನೂ ತಡೆಯುತ್ತದೆ, ನೀರನ್ನೂ ತಡೆಯುತ್ತದೆ.

ಗುಂಡಿ ತುಂಬುವುದು ತಳದಿಂದ ಮೇಲಕ್ಕೆ, ದಪ್ಪದಿಂದ ಸಣ್ಣಕ್ಕೆ. ಅರ್ಧದಷ್ಟು ದಪ್ಪ ಕಲ್ಲು, ಅದರ ಮೇಲೆ 40 ಎಂ.ಎಂ. ಜಲ್ಲಿ, ಅದರ ಮೇಲೆ 20 ಎಂ.ಎಂ. ಜಲ್ಲಿ, ಮೇಲೊಂದು ಜಾಲರಿ, ಇದ್ದಿಲು, ಕೊನೆಗೆ ದಪ್ಪ ಮರಳು. ಕಲ್ಲನ್ನು ಟ್ರ್ಯಾಕ್ಟರಿನಿಂದ ನೇರ ಸುರಿದರೆ ಜಾಲರಿ ಹರಿಯುತ್ತದೆ. ಪೈಪಿನ ಸುತ್ತ ಕೈಯಿಂದ ಜೋಡಿಸಬೇಕು. ಸುತ್ತ ಒಂದೆರಡು ಅಡಿ ಎತ್ತರದ ಕಟ್ಟೆ ಕಟ್ಟಿದರೆ ದನ ಇಳಿಯುವುದಿಲ್ಲ.

ಒಳಗೆ ಏನು ಹೋಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಹೊಲದ ಕೆಂಪು ನೀರನ್ನು ನೇರ ಬಿಟ್ಟರೆ ಎರಡು ಮಳೆಗೆ ಮರಳಿನ ಪದರ ಮುಚ್ಚಿಕೊಳ್ಳುತ್ತದೆ. ಮುಂಚೆ ಒಂದು, ಸಾಧ್ಯವಾದರೆ ಎರಡು ಕೆಸರುಗುಂಡಿ ಮಾಡಿ, ತಿಳಿಯಾದ ನೀರು ಮಾತ್ರ ಮೇಲಿಂದ ದಾಟುವಂತೆ ಮಾಡಿ. ಔಷಧಿ ಹೊಡೆಯುವ ತೋಟದ, ದನದ ಕೊಟ್ಟಿಗೆಯ, ತಿಪ್ಪೆಯ, ಊರ ಚರಂಡಿಯ ನೀರು ಬರುವ ದಾರಿಯಿದ್ದರೆ ಈ ಕೆಲಸವನ್ನು ಮಾಡಲೇಬಾರದು. ಮಣ್ಣಿನ ಮೂಲಕ ಇಳಿಯುವ ನೀರು ದಾರಿಯಲ್ಲಿ ಸೋಸಿಕೊಳ್ಳುತ್ತದೆ. ಕೇಸಿಂಗ್ ತೂತಿನಿಂದ ಇಳಿದದ್ದು ನೇರ ಬಂಡೆಯ ಬಿರುಕಿಗೆ ಹೋಗಿ ಪಕ್ಕದವರ ಕುಡಿಯುವ ನೀರಾಗುತ್ತದೆ. ಕುಡಿಯಲು ಬಳಸುವ ಬೋರ್‌ಗೆ ತೂತು ಬೇಡ. ಅದರಿಂದ ದೂರದಲ್ಲಿ ಇಂಗುಗುಂಡಿ ಮಾಡಿದರೆ ಸಾಕು. ಪ್ರತಿ ಬೇಸಿಗೆಯಲ್ಲಿ ಮೇಲಿನ ಮರಳನ್ನು ತೆಗೆದು ತೊಳೆದು ಹಾಕಬೇಕು, ಕೆಸರುಗುಂಡಿ ಬಳಿಯಬೇಕು. ಇದನ್ನು ಬಿಟ್ಟವರೇ ಮರುಪೂರಣದಿಂದ ಏನೂ ಆಗಲಿಲ್ಲ ಅನ್ನುವುದು.

ಇಂಗಿಸಿದ ನೀರು ನಿಮ್ಮ ಬೋರ್‌ನಲ್ಲೇ ಬರುತ್ತದೆಂಬ ಖಾತ್ರಿಯನ್ನು ಯಾರೂ ಕೊಡಲಾರರು. ಬಿರುಕು ಎತ್ತ ಹೋಗಿದೆಯೋ ನೀರು ಅತ್ತ. ದಾಯಾದಿಯ ಬೋರ್ ತುಂಬಿ ನಿಮ್ಮದು ಹಾಗೇ ಉಳಿಯಬಹುದು! ಹಾಗಾಗಿ ಒಂದೇ ತಗ್ಗಿನ ನಾಲ್ಕೈದು ಮನೆಯವರು ಸೇರಿ ಮಾಡಿಸಿದರೆ ಜೆ.ಸಿ.ಬಿ. ಬಾಡಿಗೆಯೂ ಹಂಚಿಹೋಗುತ್ತದೆ, ಹೊಟ್ಟೆಕಿಚ್ಚೂ ಉಳಿಯುವುದಿಲ್ಲ.

ಪೂರ್ತಿ ಸೋತ, ಏನೂ ಮಾಡದೆ ಬಿಡುವ ಬೋರ್‌ನ ಬಾಯಿಯನ್ನು ಅಂದೇ ಮುಚ್ಚಿ. ಗೋಣಿಚೀಲ, ಕಲ್ಲು ಸಾಲದು. ಕೇಸಿಂಗ್ ಕಿತ್ತು ಮಾರಿದರೆ ಉಳಿಯುವುದು ಮಗುವನ್ನು ನುಂಗುವ ಗುಂಡಿ. ಸುಪ್ರೀಂ ಕೋರ್ಟ್ 2010ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಇಷ್ಟೆಲ್ಲ ಆದಮೇಲೂ ಹೊಸದು ಕೊರೆಸಲೇಬೇಕೆಂದರೆ, 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಮೊದಲೇ ಅನುಮತಿ ಪಡೆಯಬೇಕು.

ಎತ್ತಿದ ನೀರಿನ ಖರ್ಚು

ರಾಗಿಗೆ ಅಂದಾಜು 400 ಮಿ.ಮೀ. ನೀರು ಬೇಕಾದರೆ ಟೊಮೆಟೊಗೆ 600, ಭತ್ತಕ್ಕೆ 1,200, ಕಬ್ಬಿಗೆ 2,000ದ ಆಸುಪಾಸು. ಮೇಲೆ ಅಳೆದ ಬೋರ್ ನಾಲ್ಕು ತಿಂಗಳು ಒಂದೇ ಸಮ ಕೊಟ್ಟರೆ 60 ಲಕ್ಷ ಲೀಟರ್. ಮಳೆಯಿಲ್ಲದ ಬೇಸಿಗೆಯಲ್ಲಿ ಅದರಲ್ಲಿ ಎರಡೂವರೆ ಎಕರೆ ಟೊಮೆಟೊ ಬೆಳೆಯಬಹುದು, ಭತ್ತವಾದರೆ ಒಂದೂಕಾಲು ಎಕರೆ. ಈಗ ಎಲ್ಲೆಡೆ ಹೊಸ ಅಡಿಕೆ ತೋಟಗಳು ಏಳುತ್ತಿವೆ. ತರಕಾರಿಯಾದರೆ ನೀರಿಲ್ಲದ ವರ್ಷ ಬಿಟ್ಟುಬಿಡಬಹುದು. ಅಡಿಕೆಗೆ ಪ್ರತಿ ಬೇಸಿಗೆಯೂ ನೀರು ಕೊಡಲೇಬೇಕು, ಗಿಡ ಕಣ್ಣೆದುರು ಒಣಗುವಾಗ ರೈತ ಸಾಲ ಮಾಡಿಯಾದರೂ ಬೋರ್ ಕೊರೆಸುತ್ತಾನೆ. ಬಯಲುಸೀಮೆಗೆ ಅಡಿಕೆ ತಂದಿರುವ ದೊಡ್ಡ ಅಪಾಯ ಇದೇ ಎಂದು ನನ್ನ ಅನಿಸಿಕೆ.

ಹನಿ ನೀರಾವರಿ ಹಾಕಿಸಿ, ಸಹಾಯಧನವಿದೆ. ಆದರೆ ಡ್ರಿಪ್ ಹಾಕಿದ ಮೇಲೆ ಒಂದೆಕರೆಯಲ್ಲಿ ಉಳಿದ ನೀರಿಗೆ ಇನ್ನೊಂದೆಕರೆ ಸೇರಿಸಿದರೆ ಬೋರ್‌ಗೆ ವಿಶ್ರಾಂತಿ ಎಲ್ಲಿ? ಎತ್ತುವ ನೀರು ಅಷ್ಟೇ ಇರುತ್ತದೆ, ಮೊದಲು ಕಾಲುವೆಯಲ್ಲಿ ಸೋರಿ ಮತ್ತೆ ಇಂಗುತ್ತಿದ್ದುದೂ ನಿಲ್ಲುತ್ತದೆ. ಹತ್ತು ಎಚ್‌.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲದಿರುವುದರಿಂದ ಆಟೋ ಸ್ಟಾರ್ಟರ್ ಹಾಕಿ ಮಲಗುವ ಅಭ್ಯಾಸವೂ ಬೆಳೆದಿದೆ. ರಾತ್ರಿ ಎರಡಕ್ಕೆ ಕರೆಂಟ್ ಬಂತು, ಮೋಟರ್ ತಾನೇ ಓಡಿತು, ತುಂಬಿದ ತೊಟ್ಟಿ ಬೆಳಗಿನವರೆಗೆ ಉಕ್ಕಿತು. ತೊಟ್ಟಿಗೊಂದು ಫ್ಲೋಟ್ ಸ್ವಿಚ್, ಸ್ಟಾರ್ಟರ್‌ಗೊಂದು ಟೈಮರ್ ಹಾಕಿಸಿ. ಒಂದು ಮೋಟರ್ ಸುಟ್ಟು ರೀವೈಂಡಿಂಗ್ ಮಾಡಿಸುವ ಖರ್ಚಿಗೆ ಹೋಲಿಸಿದರೆ ಅದು ಏನೇನೂ ಅಲ್ಲ.

ನೀರಿನ ಪ್ರಮಾಣದಷ್ಟೇ ಗುಣವೂ ಮುಖ್ಯ, ಹಾಗಾಗಿ ಯೂರಿಯಾ ವಿಷಯ ಚುಟುಕಾಗಿ. ಬೆಳೆ ಹೀರದೆ ಉಳಿದದ್ದು ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಎಳೆಯ ಕೂಸುಗಳಿಗೆ ಅಪಾಯ. ಮಣ್ಣು ಪರೀಕ್ಷೆ ಮಾಡಿಸಿ, ಒಂದೇ ಸಲ ಎರಚದೆ ಎರಡು ಮೂರು ಕಂತಿನಲ್ಲಿ ಹಾಕಿ. ಆಳದ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವ ಕಡೆ, ಪಾವಗಡದಂಥ ತಾಲ್ಲೂಕುಗಳಲ್ಲಿ, ಮನೆ ಬಳಕೆಯ ನೀರನ್ನೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಔಷಧಿ ಹೊಡೆದ ಪಂಪನ್ನು ಹೊಂಡದಲ್ಲೋ ಕೆರೆಯಲ್ಲೋ ತೊಳೆಯಬೇಡಿ.

ಊರ ಕೆರೆಯ ಗೋಡು

ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಬೋರ್ ಬಂದ ಮೇಲೆ ನೀರುಗಂಟಿ ಮನೆಗೆ ಹೋದ, ತೂಬು ತುಕ್ಕು ಹಿಡಿಯಿತು. ಕೆರೆಯಲ್ಲಿ ನೀರು ನಿಂತ ವರ್ಷ ಅಚ್ಚುಕಟ್ಟಿನ ಬೋರ್‌ಗಳು ಏಳುವುದನ್ನು ಮಾತ್ರ ಎಲ್ಲರೂ ಕಂಡಿದ್ದಾರೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರಿನ ಗುಣಮಟ್ಟದ ಬಗ್ಗೆ ಜಗಳ ಏನೇ ಇರಲಿ, ಸುತ್ತಲ ಬೋರ್‌ಗಳಲ್ಲಿ ನೀರು ಮೇಲೆ ಬಂದದ್ದನ್ನು ಅಲ್ಲಿನ ರೈತರೇ ಹೇಳುತ್ತಾರೆ.

ಒಬ್ಬ ರೈತ ಇಲ್ಲಿ ಮಾಡಬಹುದಾದ್ದು ಗೋಡು, ಅಂದರೆ ಕೆರೆಯ ಹೂಳನ್ನು, ಹೊಲಕ್ಕೆ ಹೊಡೆಸುವುದು. ಮರಳು ಮಿಶ್ರಿತ ಕೆಂಪು ಹೊಲಕ್ಕೆ ಕೆರೆಯ ಕಪ್ಪು ಗೋಡು ಬಿದ್ದರೆ ಮಣ್ಣು ತೇವ ಹಿಡಿಯುವುದು ಮಾರನೆಯ ವರ್ಷವೇ ಗೊತ್ತಾಗುತ್ತದೆ. ಎರೆ ಭೂಮಿಗೆ ಇದರಿಂದ ಪ್ರಯೋಜನವಿಲ್ಲ. ಪಂಚಾಯಿತಿ ಅಥವಾ ಸಣ್ಣ ನೀರಾವರಿ ಇಲಾಖೆಯ ಒಪ್ಪಿಗೆ ಪಡೆಯಿರಿ, ಏರಿಯ ಬುಡದಲ್ಲಿ ಅಗೆಯಬೇಡಿ, ಮೇಲಿನ ಹೂಳಿಗಿಂತ ಕೆಳಗಿನ ಗಟ್ಟಿ ಜೇಡಿಯ ತಳಕ್ಕೆ ಕೈ ಹಾಕಬೇಡಿ. ಪಟ್ಟಣದ ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ತರಬೇಡಿ. ಕೆರೆಗೆ ನೀರು ತರುವ ಕಾಲುವೆ ನಿಮ್ಮ ಹೊಲದಲ್ಲಿ ಹಾದುಹೋಗಿದ್ದರೆ ಅದನ್ನು ಉತ್ತು ಹೊಲಕ್ಕೆ ಸೇರಿಸಿಕೊಳ್ಳದಿರುವುದು ಇನ್ನೂ ದೊಡ್ಡ ಉಪಕಾರ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು, ಕುರಿ ಕಾಯುತ್ತಲೇ, ಬೆಟ್ಟದ ಮೇಲೆ ಕಟ್ಟೆಗಳನ್ನು ತೋಡಿದ್ದನ್ನು ದೇಶವೇ ಕೊಂಡಾಡಿತು. ನಮ್ಮ ಊರುಗಳಲ್ಲಿ ಇರುವ ಗೋಕಟ್ಟೆ, ಕುಂಟೆಗಳ ಒತ್ತುವರಿ ಬಿಡಿಸುವುದಕ್ಕೆ ಮಾತ್ರ ಯಾರೂ ಮುಂದೆ ಬರುವುದಿಲ್ಲ.

ಯಾವಾಗ, ಯಾರ ಬಳಿ

ಅಗೆಯುವ ಕೆಲಸಕ್ಕೆಲ್ಲ ಫೆಬ್ರವರಿಯಿಂದ ಏಪ್ರಿಲ್ ಸರಿಯಾದ ಕಾಲ. ಮೇ ಬಂತೆಂದರೆ ಜೆ.ಸಿ.ಬಿ. ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಏರಿರುತ್ತದೆ, ನಡುವೆ ಮಳೆ ಬಿದ್ದರೆ ಅರ್ಧ ತೋಡಿದ ಹೊಂಡದ ಬದಿ ಕುಸಿಯುತ್ತದೆ. ಕೃಷಿ ಹೊಂಡ, ತುಂತುರು ನೀರಾವರಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ತೋಟದ ಬೆಳೆಯ ಡ್ರಿಪ್‌ಗೆ ತೋಟಗಾರಿಕೆ ಇಲಾಖೆ. ಬದು, ಕಂದಕ, ಬೋರ್ ಮರುಪೂರಣದಂಥ ಕೆಲಸಗಳು ಉದ್ಯೋಗ ಖಾತರಿಯಡಿ ಸಾವಿರಾರು ಆಗಿವೆ. ಈ ವರ್ಷದ ನಿಯಮವೇನು ಎಂದು ಪಂಚಾಯಿತಿಯಲ್ಲೇ ಕೇಳಿ, ಮಧ್ಯವರ್ತಿಯನ್ನು ಕೇಳಬೇಡಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ರೈತ ನೋಂದಣಿಯ ‘ಫ್ರೂಟ್ಸ್’ ಗುರುತಿನ ಸಂಖ್ಯೆ ಬೇಕೇ ಬೇಕು. ಪಹಣಿ ಇನ್ನೂ ತಂದೆಯ ಅಥವಾ ತಾತನ ಹೆಸರಿನಲ್ಲಿದ್ದರೆ ಖಾತೆ ಬದಲಾವಣೆಗೆ ಈಗಲೇ ಓಡಾಡಿ, ಹೊಂಡ ತೋಡುವುದಕ್ಕಿಂತ ಹೆಚ್ಚು ದಿನ ಹಿಡಿಯುವುದು ಅದೇ. ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಕೆಲಸ ಶುರು ಮಾಡಿದರೆ ಸಹಾಯಧನ ಸಿಗದೇ ಹೋಗಬಹುದು. ಅಗೆಯುವ ಮೊದಲು, ಅಗೆಯುವಾಗ, ಮುಗಿದ ಮೇಲೆ ಒಂದೇ ಜಾಗದಿಂದ ಫೋಟೊ ತೆಗೆದಿಟ್ಟುಕೊಳ್ಳಿ.